‘ಮತ್ತೆ ಯಾವಾಗ ಬರ್ತೀರಿ?’

ಸಂತ ಲೂಕನ ಶುಭಸಂದೇಶದಲ್ಲಿರುವ ಒಂದು ಪ್ರಯಾಣವನ್ನು ನಾವೆಲ್ಲರೂ ಜಪಸರದ ಎರಡನೆಯ ಸಂತೋಷದ ರಹಸ್ಯದಲ್ಲಿ ಧ್ಯಾನಿಸುತ್ತೇವೆ. ದೇವದೂತನ ವಾರ್ತೆಯನ್ನು ಕೇಳಿದ ಮರಿಯಮ್ಮನವರು ತಮ್ಮ ಭಾಗ್ಯವನ್ನು ನೆನೆಯುತ್ತ ಮನೆಯಲ್ಲಿ ಕುಳಿತಿರಲಿಲ್ಲ. ಮುಪ್ಪಿನಲ್ಲಿ ಗರ್ಭವತಿಯಾಗಿದ್ದ ಬಂಧು ಎಲಿಜಬೇತಮ್ಮನವರನ್ನು ಕಾಣಲು ಬೆಟ್ಟದ ಸೀಮೆಗೆ ಅವಸರದಿಂದ ಹೊರಟರು. ಆ ಒಂದೇ ಮನೆಯಲ್ಲಿ ವೃದ್ಧಾಪ್ಯವೂ ಇತ್ತು, ಇನ್ನೂ ಹುಟ್ಟದ ಶಿಶುವೂ ಇತ್ತು. ನಾವು ಸಾಮಾನ್ಯವಾಗಿ ಗಮನಿಸದೆ ಬಿಡುವ ಸಂಗತಿಯೊಂದು ಅಲ್ಲಿದೆ: ಮರಿಯಮ್ಮನವರು ಅಲ್ಲಿ ಸುಮಾರು ಮೂರು ತಿಂಗಳು ಉಳಿದರು.

ಈ ‘ಉಳಿದರು’ ಎಂಬ ಮಾತಿನ ಅರ್ಥ ನಮಗೆ ತಿಳಿದದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ ಸಮಯದಲ್ಲಿ ನಮ್ಮ ಧರ್ಮಕೇಂದ್ರದ ಯುವಜನರೊಂದಿಗೆ ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆವು. ಹಾಡು, ಕೇಕು, ಕಿತ್ತಳೆ ಹಣ್ಣು, ಕಂಬಳಿ, ಛಾಯಾಚಿತ್ರ ಎಲ್ಲವೂ ಒಂದೂವರೆ ಗಂಟೆಯೊಳಗೆ ಮುಗಿದವು. ಹೊರಡುವಾಗ ಒಬ್ಬ ಅಜ್ಜಿ ನಮ್ಮ ಕೈ ಹಿಡಿದು, “ಫಾದರ್, ಮತ್ತೆ ಯಾವಾಗ ಬರ್ತೀರಿ?” ಎಂದು ಕೇಳಿದರು. “ಬೇಗ ಬರುತ್ತೇವೆ ಅಜ್ಜಿ” ಎಂದೆವು. ಮುಂದಿನ ಕ್ರಿಸ್ಮಸ್ಸಿಗೆ ಹೋದಾಗ ಆ ಹಾಸಿಗೆಯಲ್ಲಿ ಬೇರೊಬ್ಬರಿದ್ದರು.

ಇಂದು ಅನೇಕ ಕ್ರೈಸ್ತ ಸೇವಾತಂಡಗಳು ವೃದ್ಧರನ್ನೂ ಬಡ ಮಕ್ಕಳನ್ನೂ ಕಾಣಲು ಪರದೇಶಗಳಿಗೆ ಹೋಗುತ್ತವೆ. ಎರಡು ವಾರ ಇದ್ದು ಬರುವುದರಿಂದ ಯಾರಿಗೆ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ತನ್ನ ಬದುಕಿನಿಂದಲೇ ಉತ್ತರ ಕೊಟ್ಟಿರುವ ಒಂದು ಬಳಗವನ್ನು ಇಲ್ಲಿ ನೆನೆಯಬಯಸುತ್ತೇವೆ.

1968ರಲ್ಲಿ, ದ್ವಿತೀಯ ವ್ಯಾಟಿಕನ್ ಮಹಾಸಭೆ ಮುಗಿದು ಮೂರೇ ವರ್ಷಗಳಾಗಿದ್ದಾಗ, ಹದಿನೆಂಟರ ಹರೆಯದ ಆಂದ್ರೆಯಾ ರಿಕ್ಕಾರ್ದಿ ಎಂಬ ವಿದ್ಯಾರ್ಥಿ ರೋಮ್ ನಗರದಲ್ಲಿ ತನ್ನ ಸಂಗಡಿಗರನ್ನು ಶುಭಸಂದೇಶದ ಓದಿಗೆಂದು ಕೂಡಿಸಿದನು. ಓದಿದವರು ನಗರದಂಚಿನ ಗುಡಿಸಲುಗಳಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಮಧ್ಯಾಹ್ನದ ಹೊತ್ತು ಪಾಠ ಹೇಳತೊಡಗಿದರು. 1970ರ ದಶಕದಲ್ಲಿ ತ್ರಾಸ್ತೆವೆರೆ ಬಡಾವಣೆಯಲ್ಲಿ ಒಂಟಿಯಾಗಿದ್ದ ವೃದ್ಧರು ಅವರ ಸ್ನೇಹಿತರಾದರು. ಅಲ್ಲಿನ ಸಂತ ಎಜಿದಿಯೊ ದೇವಾಲಯದಲ್ಲಿ ಸಂಜೆಯ ಪ್ರಾರ್ಥನೆಗೆ ಕೂಡುತ್ತಿದ್ದುದರಿಂದ ಸಂತ ಎಜಿದಿಯೊ ಸಮುದಾಯವೆಂಬ ಹೆಸರು ನಿಂತಿತು. ಬಹುಪಾಲು ಗೃಹಸ್ಥ ವಿಶ್ವಾಸಿಗಳೇ ಇರುವ ಈ ಬಳಗ ಇಂದು ಎಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿದೆ.

ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಈ ಬಳಗ ನಡೆದ ದಾರಿ ವಿಚಾರಯೋಗ್ಯ. ಆ ನಾಡು ನಮಗೆ ತೀರ ಅಪರಿಚಿತವಲ್ಲ. ಗೋವೆಗೆ ಬರುವ ಮೊದಲು ಸಂತ ಫ್ರಾನ್ಸಿಸ್ ಕ್ಷೇವಿಯರ್‌ರು 1541-42ರಲ್ಲಿ ಹಲವು ತಿಂಗಳು ಮೊಜಾಂಬಿಕ್ ದ್ವೀಪದಲ್ಲಿ ತಂಗಿ ರೋಗಿಗಳ ಶುಶ್ರೂಷೆ ಮಾಡಿದ್ದರು. 1980ರ ದಶಕದಲ್ಲಿ ಅಲ್ಲಿ ಅಂತರ್ಯುದ್ಧ ಉರಿಯುತ್ತಿದ್ದಾಗ ಸಮುದಾಯದವರು ಆಹಾರ, ಔಷಧಗಳನ್ನು ಕಳುಹಿಸಿದರು. ಆದರೆ ಯುದ್ಧ ನಿಲ್ಲದೆ ಹಸಿವು ನಿಲ್ಲದೆಂಬುದು ಸ್ಪಷ್ಟವಾಯಿತು. 1990ರ ಜುಲೈಯಲ್ಲಿ ಸರಕಾರವನ್ನೂ ಬಂಡುಕೋರರನ್ನೂ ರೋಮಿನ ತಮ್ಮ ಹಳೆಯ ಕಾನ್ವೆಂಟಿನ ಮೇಜಿಗೆ ಕರೆತಂದರು. ರಿಕ್ಕಾರ್ದಿಯವರೊಡನೆ ಬೈರಾದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸ್, ಈಗ ಕಾರ್ಡಿನಲ್ ಆಗಿರುವ ಮತ್ತೆಯೊ ಜುಪ್ಪಿ, ಇಟಲಿಯ ಮಾರಿಯೊ ರಫಾಯೆಲ್ಲಿ ಮಧ್ಯಸ್ಥರಾದರು. ಇಪ್ಪತ್ತೇಳು ತಿಂಗಳ ತಾಳ್ಮೆಯ ಫಲವಾಗಿ 1992ರ ಅಕ್ಟೋಬರ್ 4ರಂದು, ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ಶಾಂತಿಯ ಒಪ್ಪಂದಕ್ಕೆ ಸಹಿ ಬಿತ್ತು.

ಕೆಲಸ ಮುಗಿಯಿತೆಂದು ಅವರು ಅಲ್ಲಿಂದ ಕಾಲ್ತೆಗೆಯಲಿಲ್ಲ. ಏಯ್ಡ್ಸ್ ರೋಗ ತಾಯಂದಿರನ್ನೂ ಶಿಶುಗಳನ್ನೂ ಬಲಿ ತೆಗೆದುಕೊಳ್ಳುತ್ತಿದ್ದಾಗ, 2002ರಲ್ಲಿ ‘ಡ್ರೀಮ್’ ಎಂಬ ಯೋಜನೆಯನ್ನು ಆರಂಭಿಸಿದರು. ಆಫ್ರಿಕಾದ ಬಡವರಿಗೆ ಆ ದುಬಾರಿ ಔಷಧ ಸಾಧ್ಯವಿಲ್ಲವೆಂದು ತಜ್ಞರೇ ಅನೇಕರು ನುಡಿಯುತ್ತಿದ್ದ ಕಾಲವದು. ತಾಯಿಗೆ ಚಿಕಿತ್ಸೆ ದೊರೆತು, ಸೋಂಕಿಲ್ಲದ ಮಕ್ಕಳು ಹುಟ್ಟಿದರು. 2019ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್‌ರವರು ಮಪುಟೊ ಬಳಿಯ ಜಿಂಪೆಟೊ ಕೇಂದ್ರಕ್ಕೆ ಭೇಟಿಯಿತ್ತು, ಅಲ್ಲಿಯವರಿಗೆ ಒಳ್ಳೆಯ ಸಮಾರ್ಯದವನ ಸಾಮತಿಯನ್ನು ನೆನಪಿಸಿದರು. ಜನನ ನೋಂದಣಿಯೇ ಆಗದಿರುವ ಮಗು ಕಾನೂನಿನ ಕಣ್ಣಿಗೆ ಇಲ್ಲದ ಮಗು. ಅಂಥ ಮಕ್ಕಳ ಹೆಸರುಗಳನ್ನು ದಾಖಲೆಗೆ ಸೇರಿಸುವ ಕೆಲಸಕ್ಕೂ ಅವರು ಕೈಹಚ್ಚಿದ್ದಾರೆ.

ನಮ್ಮನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಸಂಗತಿ. ಅಲ್ಲಿ ವೃದ್ಧರ ಮನೆಬಾಗಿಲಿಗೆ ಹೋಗುವವರು ಯೂರೋಪಿನವರು ಮಾತ್ರವಲ್ಲ, ಮೊಜಾಂಬಿಕ್‌ನ ಬಡ ಕೇರಿಗಳ ಯುವಕ ಯುವತಿಯರೇ. ಮನೆಯಲ್ಲಿ ಸಾವೋ ರೋಗವೋ ಬಂದರೆ ಮುದುಕಿಯ ಮಾಟವೇ ಕಾರಣವೆಂದು ಹೇಳಿ ಹೊರದಬ್ಬುವುದು ಆ ಭಾಗದಲ್ಲಿ ಇನ್ನೂ ನಡೆಯುವ ಕ್ರೌರ್ಯ. ಅಂಥ ಮುದುಕಿಯ ಗುಡಿಸಲಿಗೆ ನೆರೆಯ ಹುಡುಗರು ವಾರವಾರವೂ ಹೋಗಿ ಕುಳಿತರೆ ಊರಿನ ಕಣ್ಣೇ ಬದಲಾಗುತ್ತದೆ. ಕೊಡಲು ಏನೂ ಇಲ್ಲದವರೂ ಭೇಟಿಯನ್ನು ಕೊಡಬಲ್ಲರು.

ಫ್ರಾನ್ಸಿನ ಕಥೋಲಿಕ ತತ್ತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ (1889-1973) ‘ಸಮಸ್ಯೆ’ಗೂ ‘ರಹಸ್ಯ’ಕ್ಕೂ ಭೇದ ಕಲ್ಪಿಸುತ್ತಾನೆ. ಸಮಸ್ಯೆ ನಮ್ಮೆದುರಿಗಿರುವ ವಸ್ತು, ಬಿಡಿಸಿ ಬದಿಗಿಡಬಹುದು. ರಹಸ್ಯದಲ್ಲಿ ನಾವೂ ಒಳಗೊಂಡಿರುತ್ತೇವೆ. ಒಂದೇ ಕೋಣೆಯಲ್ಲಿ ಕುಳಿತವನೂ ನಮ್ಮ ಪಾಲಿಗೆ ಇಲ್ಲದವನಾಗಿರಬಹುದೆಂದು ಅವನು ಎಚ್ಚರಿಸುತ್ತಾನೆ. ವೃದ್ಧರನ್ನು ಸಮಸ್ಯೆಯೆಂದು ಕಂಡರೆ ಕಂಬಳಿ ಕೊಟ್ಟು ಮುಗಿಸಬಹುದು. ಆದರೆ ಮುಪ್ಪು ನಮ್ಮದೂ ಹೌದು; ನಾಳೆ ಆ ಹಾಸಿಗೆಯಲ್ಲಿ ನಾವೇ ಇರಬಹುದು.

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಪರದೇಶವೆಂಬುದು ಬೇರೆಯೇ ಅರ್ಥ ಪಡೆದಿದೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಕೆನಡಾದಲ್ಲಿ. ಊರಿನ ದೊಡ್ಡ ಮನೆಯಲ್ಲಿ ತಂದೆತಾಯಿ ಇಬ್ಬರೇ, ಕೆಲವೆಡೆ ಒಬ್ಬರೇ. ಹಣವಿದೆ, ಔಷಧವಿದೆ, ಫೋನೂ ಇದೆ. ಬಾಗಿಲು ತಟ್ಟುವವರಿಲ್ಲ. ಆ ಮಕ್ಕಳನ್ನು ನಾವು ದೂರುವುದಿಲ್ಲ. ಅವರ ದುಡಿಮೆಯಿಂದಲೇ ಎಷ್ಟೋ ಮನೆಗಳ ದೀಪ ಉರಿಯುತ್ತಿದೆ. ಆದರೆ ನೆರೆಯವರಾದ ನಮಗೆ ವಿಮಾನದ ಚೀಟಿಯೇನೂ ಬೇಕಾಗಿಲ್ಲವಲ್ಲ?

ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು 1833ರಿಂದಲೂ ಮನೆಭೇಟಿಯನ್ನೇ ತಮ್ಮ ಸೇವೆಯ ಪ್ರಾಣವಾಗಿರಿಸಿಕೊಂಡಿದ್ದಾರೆ. 2021ರಿಂದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಧರ್ಮಸಭೆ ಅಜ್ಜ ಅಜ್ಜಿಯರ ಮತ್ತು ವೃದ್ಧರ ದಿನವಾಗಿ ಆಚರಿಸುತ್ತಿದೆ. ಆ ಒಂದು ದಿನಕ್ಕೆ ಕಾಯದೆ, ವಾಳೆಯ ಗುರಿಕಾರರು ಒಂಟಿ ಮನೆಗಳನ್ನು ಗುರುತಿಸಲಿ. ಒಂದೊಂದು ಕುಟುಂಬ ಒಂದೊಂದು ಬಾಗಿಲನ್ನು ತನ್ನದಾಗಿಸಿಕೊಳ್ಳಲಿ. ಹದಿನೈದು ದಿನಕ್ಕೊಮ್ಮೆ, ಅದೇ ಮನೆಗೆ, ಮಕ್ಕಳನ್ನು ಕರೆದುಕೊಂಡು, ಸಾಧ್ಯವಾದರೆ ಬರಿಗೈಯಲ್ಲೇ ಹೋಗೋಣ. ಹೊರಡುವಾಗ ಆ ಅಜ್ಜಿಯ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ದಿನವನ್ನು ಹೇಳಿ ಬರೋಣ. ಹೇಳಿದ ದಿನ ಹೋಗೋಣ.