ನಿಮಗಿದು ಗೊತ್ತೇ? – ಪಿಟೀಲು ಹೊತ್ತು ಲೋಕ ಸುತ್ತುವವರು

ವೇದಿಕೆಯ ಮೇಲೆ ಪಿಟೀಲು ವಾದಕರು ನಮಗೆ ಕಾಣಿಸುವುದು ಹೆಚ್ಚೆಂದರೆ ಒಂದೆರಡು ಗಂಟೆ. ಉಳಿದ ಹೊತ್ತೆಲ್ಲ ಅಭ್ಯಾಸ, ಪ್ರಯಾಣ, ವಾದ್ಯದ ಆರೈಕೆ, ಮೈಕೈ ಆರೈಕೆಗೇ ಹೋಗುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೇ ಕಸುಬು ಮಾಡಿಕೊಂಡವರ ಆ ಕಾಣದ ಬದುಕಿನ ಕೆಲವು ಸಂಗತಿಗಳು ಇಲ್ಲಿವೆ. ಇವನ್ನು ತಿಳಿದು ಕೇಳಿದರೆ ಸಂಗೀತದ ಬೆಲೆ ಇನ್ನಷ್ಟು ಹೆಚ್ಚುತ್ತದೆ.

★ ಪಿಟೀಲಿನ ತೂಕ ಅರ್ಧ ಕಿಲೋಗೂ ಕಡಿಮೆ. ಕಮಾನು 60 ಗ್ರಾಂ ಆಸುಪಾಸು. ಆದರೆ ಶ್ರುತಿ ಕೂಡಿಸಿದ ಮೇಲೆ ನಾಲ್ಕು ತಂತಿಗಳ ಒಟ್ಟು ಎಳೆತ 20 ಕಿಲೋ ದಾಟುತ್ತದೆ. ಮೇಲಿನ ಹಲಗೆಯ ದಪ್ಪ ಸುಮಾರು 3 ಮಿಲಿಮೀಟರ್ ಅಷ್ಟೇ. ಮುನ್ನೂರು ವರ್ಷ ಹಳೆಯ ವಾದ್ಯಗಳೂ ಈ ಎಳೆತವನ್ನು ತಾಳಿಕೊಂಡು ಇಂದಿಗೂ ಕಛೇರಿ ನುಡಿಯುತ್ತಿವೆ.

★ ಪಿಟೀಲಿನ ಹೊಟ್ಟೆಯೊಳಗೆ, ತಂತಿಗಳನ್ನು ಹೊರುವ ‘ಕುದುರೆ’ಯ (ಬ್ರಿಡ್ಜ್) ಒಂದು ಕಾಲಿನ ಹಿಂಬದಿಯಲ್ಲಿ, ಪೆನ್ಸಿಲ್ ಗಾತ್ರದ ಒಂದು ಕಡ್ಡಿ ನಿಂತಿರುತ್ತದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ತಂತಿಗಳ ಒತ್ತಡವೇ ಅದನ್ನು ಹಿಡಿದು ನಿಲ್ಲಿಸುತ್ತದೆ. ನಾಲ್ಕೂ ತಂತಿಗಳನ್ನು ಒಮ್ಮೆಗೇ ಸಡಿಲಿಸಿದರೆ ಕಡ್ಡಿ ಉರುಳಿ ವಾದ್ಯದ ದನಿಯೇ ಕೆಡಬಹುದು. ಅದಕ್ಕೇ ಅನುಭವಸ್ಥರು ತಂತಿಗಳನ್ನು ಒಂದೊಂದಾಗಿ ಬದಲಿಸುತ್ತಾರೆ.

★ ಹಲಗೆಗಳನ್ನು ಕೂಡಿಸಲು ಇವತ್ತಿಗೂ ಪ್ರಾಣಿಗಳ ಚರ್ಮದಿಂದ ತಯಾರಿಸಿದ ಅಂಟನ್ನೇ ಬಳಸುತ್ತಾರೆ. ಕಾರಣ ಹೀಗಿದೆ: ಪಿಟೀಲಿಗೆ ಹಿತವಾದ ತೇವಾಂಶ ಶೇ. 40ರಿಂದ 60. ದೂರ ಹಾರುವ ವಿಮಾನದೊಳಗೆ ಅದು ಶೇ. 20ಕ್ಕಿಂತ ಕೆಳಗಿಳಿಯುವುದುಂಟು. ಮರ ಒಣಗಿ ಕುಗ್ಗಿದಾಗ ಸಂದಿನ ಅಂಟು ಬಿಟ್ಟುಕೊಳ್ಳುತ್ತದೆ, ಹಲಗೆ ಸೀಳದೆ ಉಳಿಯುತ್ತದೆ. ಬಿಟ್ಟ ಸಂದನ್ನು ಮತ್ತೆ ಅಂಟಿಸಬಹುದು. ಸೀಳಿದ ಮರವನ್ನು ಮೊದಲಿನಂತೆ ಮಾಡುವುದು ಕಷ್ಟ. ಊರೂರು ತಿರುಗುವ ಕಲಾವಿದರ ಪೆಟ್ಟಿಗೆಯೊಳಗೆ ಪುಟ್ಟ ತೇವಮಾಪಕವೊಂದು ಇರುವುದು ಇದಕ್ಕೇ.

★ ಅಮೆರಿಕದಲ್ಲಿ ಪಿಟೀಲಿಗೆ ವಿಮಾನದ ಕ್ಯಾಬಿನ್ ಪ್ರವೇಶ ಕಾನೂನಿನಿಂದಲೇ ದಕ್ಕಿದೆ. 2012ರ ಶಾಸನದ ಆಧಾರದ ನಿಯಮ 2015ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ವಾದಕರು ಹತ್ತುವ ಹೊತ್ತಿಗೆ ತಲೆಯ ಮೇಲಿನ ಖಾನೆಯಲ್ಲಿ ಜಾಗವಿದ್ದರೆ ವಿಮಾನ ಸಂಸ್ಥೆಯವರು ಪಿಟೀಲನ್ನು ಒಳಗೆ ಬಿಡಲೇಬೇಕು. ಜಾಗ ಮೊದಲು ಬಂದವರಿಗೆ. ಹಾಗಾಗಿ ಬೇಗ ಹತ್ತುವುದು ಸಂಗೀತಗಾರರಿಗೆ ವಾದ್ಯ ಉಳಿಸಿಕೊಳ್ಳುವ ಪ್ರಶ್ನೆ.

★ ಶ್ರೇಷ್ಠ ಕಮಾನುಗಳು ಬ್ರೆಜಿಲ್‌ನ ಪೆರ್ನಾಂಬುಕೋ ಮರದವು. ಮರ ಅಳಿವಿನಂಚಿಗೆ ಬಂದದ್ದರಿಂದ 2007ರಲ್ಲಿ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು. ಹಳೆಯ ಕಮಾನುಗಳ ತುದಿಯಲ್ಲಿ ಚೂರು ಆನೆದಂತವೂ ಇರುತ್ತದೆ. 2014ರಲ್ಲಿ ಬುಡಾಪೆಸ್ಟ್ ಫೆಸ್ಟಿವಲ್ ಆರ್ಕೆಸ್ಟ್ರಾ ನ್ಯೂಯಾರ್ಕಿಗೆ ಬಂದಿಳಿದಾಗ ಅಧಿಕಾರಿಗಳು ದಂತದ ಅನುಮಾನದ ಮೇಲೆ ಏಳು ಕಮಾನುಗಳನ್ನು ಹಿಡಿದಿಟ್ಟುಕೊಂಡರು. ಸಂಗೀತಗಾರರು ಕಛೇರಿಗೆ ಬೇರೆ ಕಮಾನು ಹೊಂದಿಸಿಕೊಳ್ಳಬೇಕಾಯಿತು.

★ ಕಮಾನಿಗೆ ಕಟ್ಟುವುದು ಕುದುರೆ ಬಾಲದ ಕೂದಲು, ಸುಮಾರು 150 ಎಳೆ. ಮಂಗೋಲಿಯಾ, ಸೈಬೀರಿಯಾದಂಥ ಚಳಿನಾಡಿನ ಕುದುರೆಗಳ ಕೂದಲಿಗೆ ಬೇಡಿಕೆ ಹೆಚ್ಚು. ರಾಳ ಉಜ್ಜದೆ ಎಳೆದರೆ ದನಿಯೇ ಹೊರಡದು. ನುಡಿಸಿ ಮುಗಿದೊಡನೆ ತಿರುಪು ಸಡಿಲಿಸಿಡುವುದು ಚಿಕ್ಕಂದಿನಲ್ಲೇ ಕಲಿಸುವ ಪಾಠ. ಇಲ್ಲವಾದರೆ ಕಮಾನಿನ ಬಾಗೇ ಹೋಗಿಬಿಡುತ್ತದೆ.

★ ಅನೇಕ ವೃತ್ತಿನಿರತರ ಎಡಗುತ್ತಿಗೆಯಲ್ಲಿ, ದವಡೆಯ ಕೆಳಗೆ, ಕಂದು ಬಣ್ಣದ ಗುರುತೊಂದು ಮೂಡಿರುತ್ತದೆ. ವರ್ಷಗಟ್ಟಲೆ ವಾದ್ಯ ಒತ್ತಿದ ಜಾಗ ಅದು. ಗಲ್ಲ ಊರುವ ಪಟ್ಟಿಯನ್ನು ಜರ್ಮನಿಯ ಪಿಟೀಲು ವಾದಕ ಲೂಯಿ ಷ್ಪೋರ್ 1820ರ ಸುಮಾರಿಗೆ ಬಳಕೆಗೆ ತಂದರು. ಆದರೆ ನಮ್ಮ ಕರ್ನಾಟಕ ಸಂಗೀತದ ವಿದ್ವಾಂಸರು ಚಕ್ಕಳಮಕ್ಕಳ ಹಾಕಿ ಕೂತು ವಾದ್ಯದ ತಲೆಯನ್ನು ಬಲಪಾದದ ಮೇಲೆ ಇಳಿಬಿಡುತ್ತಾರೆ. ವಾದ್ಯ ಹಿಡಿಯುವ ಭಾರವಿಲ್ಲದ ಎಡಗೈ ಗಮಕಗಳಿಗಾಗಿ ಸಲೀಸಾಗಿ ಜಾರುತ್ತದೆ.

★ ತಂತಿವಾದ್ಯ ನುಡಿಸುವವರ ಮಿದುಳಿನಲ್ಲಿ ಎಡಗೈ ಬೆರಳುಗಳಿಗೆ ಮೀಸಲಾದ ಭಾಗ ಇತರರಿಗಿಂತ ಹಿಗ್ಗಿರುತ್ತದೆ ಎಂದು 1995ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಎಳೆಯ ವಯಸ್ಸಿನಲ್ಲೇ ಕಲಿಯಲು ಆರಂಭಿಸಿದವರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು.

★ ವಾದ್ಯಗೋಷ್ಠಿಯ ನೌಕರಿಗೆ ಆಯ್ಕೆ ಅನೇಕ ಕಡೆ ಪರದೆಯ ಹಿಂದೆ ನಡೆಯುತ್ತದೆ. ಅಮೆರಿಕದಲ್ಲಿ 1970ರ ದಶಕದಿಂದ ಈ ಪದ್ಧತಿ ಹರಡಿತು. ಹೆಜ್ಜೆ ಸಪ್ಪಳದಿಂದ ಬಂದವರು ಹೆಣ್ಣೋ ಗಂಡೋ ಎಂದು ತಿಳಿಯದಿರಲೆಂದು ನೆಲಕ್ಕೆ ಜಮಖಾನೆ ಹಾಸುವುದೂ ಉಂಟು. ರಿಚರ್ಡ್ ಸ್ಟ್ರಾಸ್‌ನ ‘ಡಾನ್ ಹುವಾನ್’ ಕೃತಿಯ ಮೊದಲ ಪುಟ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಕೆಲವೇ ಕ್ಷಣಗಳಲ್ಲಿ ವಾದಕರ ಕೈಚಳಕ, ಲಯ, ಶ್ರುತಿಶುದ್ಧಿ ಎಲ್ಲ ಬಯಲಾಗುತ್ತದೆ.

★ ಊರು ಬದಲಾದರೆ ಶ್ರುತಿಯೂ ಬದಲಾಗುತ್ತದೆ. ಶ್ರುತಿ ಕೂಡಿಸುವ ‘ಎ’ ಸ್ವರಕ್ಕೆ ಅಂತರರಾಷ್ಟ್ರೀಯ ಮಾನದಂಡ 440 ಹರ್ಟ್ಸ್. ಯುರೋಪಿನ ಎಷ್ಟೋ ವಾದ್ಯಗೋಷ್ಠಿಗಳು 442, 443ಕ್ಕೆ ಏರಿಸಿಕೊಳ್ಳುತ್ತವೆ. ಅತಿಥಿ ಕಲಾವಿದರು ಅಲ್ಲಿನ ಓಬೋ ವಾದ್ಯ ಕೊಡುವ ಸ್ವರಕ್ಕೇ ಒಗ್ಗಿಕೊಳ್ಳಬೇಕು.

★ ನುಡಿಸುವಾಗ ತಂತಿ ಹರಿದರೆ ಏನು ಗತಿ? 1986ರ ಜುಲೈ, ಅಮೆರಿಕದ ಟ್ಯಾಂಗಲ್‌ವುಡ್. ಲೆನರ್ಡ್ ಬರ್ನ್‌ಸ್ಟೈನ್ ತಮ್ಮದೇ ಕೃತಿ ‘ಸೆರೆನೇಡ್’ ನಡೆಸುತ್ತಿದ್ದರು. ಏಕವ್ಯಕ್ತಿ ವಾದನ 14 ವರ್ಷದ ಮಿಡೋರಿಯದು. ಮೇಲಿನ ತಂತಿ ಹರಿಯಿತು. ಹುಡುಗಿ ಪಕ್ಕದ ಪ್ರಧಾನ ಪಿಟೀಲು ವಾದಕರ ಬಳಿ ಹೋಗಿ ಅವರ ವಾದ್ಯ ತೆಗೆದುಕೊಂಡಳು. ಅದು ಅವಳ ಪಿಟೀಲಿಗಿಂತ ದೊಡ್ಡದು. ಸ್ವಲ್ಪ ಹೊತ್ತಿಗೆ ಅದರ ತಂತಿಯೂ ಹರಿಯಿತು. ಮೂರನೆಯ ಪಿಟೀಲು ಹಿಡಿದು, ಲಯ ತಪ್ಪದೆ ಕೃತಿ ಮುಗಿಸಿದಳು. ಮುಗಿದಾಗ ಬರ್ನ್‌ಸ್ಟೈನ್ ಅವಳನ್ನು ಅಪ್ಪಿಕೊಂಡರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟದಲ್ಲೇ ಅಚ್ಚು ಹಾಕಿತು.

★ ವಾದ್ಯ ಕಳೆದುಕೊಳ್ಳುವ ಭಯ ಇವರಿಗೆ ಕಡೆತನಕ ತಪ್ಪಿದ್ದಲ್ಲ. 1936ರಲ್ಲಿ ಪಿಟೀಲು ವಾದಕ ಬ್ರೋನಿಸ್ಲಾವ್ ಹೂಬರ್‌ಮನ್ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ವೇದಿಕೆಯಲ್ಲಿ ನುಡಿಸುತ್ತಿದ್ದಾಗಲೇ, ಒಳಗಿನ ಕೋಣೆಯಲ್ಲಿಟ್ಟಿದ್ದ ಅವರ 1713ರ ಬಹುಬೆಲೆಯ ಸ್ಟ್ರಾಡಿವೇರಿಯಸ್ ಪಿಟೀಲು ಕಳುವಾಯಿತು. ಕದ್ದ ಮಾಲು ಸುಮಾರು ಐವತ್ತು ವರ್ಷ ಗುರುತು ಸಿಗದಂತೆ ಮತ್ತೊಬ್ಬ ವಾದಕನ ಕೈಯಲ್ಲಿತ್ತು. 1985ರಲ್ಲಿ ಆತ ಸಾವಿನಂಚಿನಲ್ಲಿ ಬಾಯಿಬಿಟ್ಟ. ಇವತ್ತು ಆ ಪಿಟೀಲು ವಾದಕ ಜೋಷುವಾ ಬೆಲ್ ಅವರ ಬಳಿ ಇದೆ. 2008ರಲ್ಲಿ ಇನ್ನೊಬ್ಬ ವಾದಕ ಫಿಲಿಪ್ ಕ್ವಿಂಟ್ ತಮಗೆ ಎರವಲು ಬಂದಿದ್ದ ಸ್ಟ್ರಾಡಿವೇರಿಯಸ್‌ ಅನ್ನು ನ್ಯೂವಾರ್ಕ್ ವಿಮಾನ ನಿಲ್ದಾಣದಿಂದ ಹಿಡಿದ ಟ್ಯಾಕ್ಸಿಯಲ್ಲೇ ಮರೆತಿಳಿದರು. ಚಾಲಕ ಅದನ್ನು ಮರಳಿಸಿದ. ಕೃತಜ್ಞತೆಗೆ ಕ್ವಿಂಟ್ ಆ ವಿಮಾನ ನಿಲ್ದಾಣದ ಟ್ಯಾಕ್ಸಿ ಚಾಲಕರಿಗೆಂದೇ ಕಛೇರಿ ಕೊಟ್ಟರು.

★ ಇಂಥ ವಾದ್ಯಗಳು ಅನೇಕ ವೇಳೆ ನುಡಿಸುವವರ ಸ್ವಂತದ್ದಲ್ಲ. ಪ್ರತಿಷ್ಠಾನಗಳು ಎರವಲು ಕೊಟ್ಟವು. ಜಪಾನಿನ ನಿಪ್ಪಾನ್ ಮ್ಯೂಸಿಕ್ ಫೌಂಡೇಶನ್ ತನ್ನ ಬಳಿಯಿದ್ದ ‘ಲೇಡಿ ಬ್ಲಂಟ್’ ಸ್ಟ್ರಾಡಿವೇರಿಯಸ್‌ ಅನ್ನು 2011ರಲ್ಲಿ ಸುನಾಮಿ ಸಂತ್ರಸ್ತರಿಗಾಗಿ ಹರಾಜಿಗಿಟ್ಟಿತು. ಅದು 1.59 ಕೋಟಿ ಡಾಲರಿಗೆ ಮಾರಾಟವಾಯಿತು.

★ ಕೊನೆಗೆ ನಮ್ಮ ಕೋಲಾರದ ನಂಟು. ಬಾಲಪ್ರತಿಭೆಯಾಗಿ ಬೆಳೆದು ಜಗತ್ತೆಲ್ಲ ಸುತ್ತಿದ ಪಿಟೀಲು ವಾದಕ ಯೆಹೂದಿ ಮೆನುಹಿನ್ 1952ರಲ್ಲಿ ನೆಹರೂ ಆಹ್ವಾನದ ಮೇಲೆ ಭಾರತಕ್ಕೆ ಬಂದರು. ಸತತ ಕಛೇರಿಗಳಿಂದ ಮೈ ಬಿಗಿದು ಬಳಲಿದ್ದರು. ಬೊಂಬಾಯಿಯಲ್ಲಿ ಅವರಿಗೆ ಯೋಗ ಹೇಳಿಕೊಟ್ಟವರು ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್. ಮೈ ಹಗುರಾಯಿತು, ಕಮಾನು ಸಲೀಸಾಯಿತು. ಮೆನುಹಿನ್ 1954ರಲ್ಲಿ ಅಯ್ಯಂಗಾರರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು, ಗುರುವಿನ ಹೆಸರು ಕೆತ್ತಿಸಿದ ಕೈಗಡಿಯಾರವನ್ನು ಉಡುಗೊರೆಯಾಗಿ ಕೊಟ್ಟರು. ಅಯ್ಯಂಗಾರರ ಯುರೋಪಿನ ಪಾಠಗಳು ಶುರುವಾದದ್ದು ಅಲ್ಲಿಂದ. 1966ರಲ್ಲಿ ಅವರ ‘ಲೈಟ್ ಆನ್ ಯೋಗ’ ಪ್ರಕಟವಾದಾಗ ಅದಕ್ಕೆ ಮುನ್ನುಡಿ ಬರೆದವರೂ ಮೆನುಹಿನ್ನರೇ.