36 ನಿಮಿಷದ ಕೂಲಿ ಎಷ್ಟು?

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಹನ್ನೆರಡು ರೌಂಡು, ರೌಂಡಿಗೆ ಮೂರು ನಿಮಿಷ, ಒಟ್ಟು 36 ನಿಮಿಷ. 2015ರ ಮೇ 2ರ ರಾತ್ರಿ ಲಾಸ್ ವೇಗಸ್‌ನ ಎಂಜಿಎಂ ಗ್ರಾಂಡ್‌ನಲ್ಲಿ ಇಷ್ಟು ಹೊತ್ತು ರಿಂಗ್ ಒಳಗೆ ಕೆಲಸ ಮಾಡಿದ ಫ್ಲಾಯ್ಡ್ ಮೇವೆದರ್‌ಗೆ, ವರದಿಗಳ ಪ್ರಕಾರ, ಸಿಕ್ಕಿದ್ದು ಇಪ್ಪತ್ತು ಕೋಟಿ ಡಾಲರ್‌ಗೂ ಹೆಚ್ಚು. ಅವತ್ತಿನ ದರದಲ್ಲಿ ನಮ್ಮ ದುಡ್ಡಿಗೆ ಸಾವಿರದ ಇನ್ನೂರು ಕೋಟಿ ರೂಪಾಯಿ ದಾಟುತ್ತೆ. ಕೇಳಿದ ತಕ್ಷಣ ಬಾಯಿಂದ ಬರೋ ಮಾತು ಒಂದೇ: ಇದು ನ್ಯಾಯಾನಾ?

ಇಲ್ಲಿ ಎರಡು ಗುಂಪುಗಳಿವೆ. ಒಂದು ಗುಂಪು ಇದನ್ನು ದುರಾಸೆ ಅನ್ನುತ್ತೆ. ಇನ್ನೊಂದು ಗುಂಪು, ಜನ ದುಡ್ಡು ಕೊಟ್ಟು ಬರೋದೇ ಅವನ ಮುಖ ನೋಡೋಕೆ, ಹಾಗಾದ್ರೆ ಆ ದುಡ್ಡು ಅವನದೇ ಅನ್ನುತ್ತೆ. ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ. ಉಳಿದರ್ಧ ಲೆಕ್ಕದಲ್ಲಿದೆ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಂಬಳ ಅನ್ನೋದು ಇಲ್ಲ. ಐಪಿಎಲ್ ಥರ ಲೀಗ್ ಇಲ್ಲ, ತಂಡದ ಮಾಲೀಕರು ಇಲ್ಲ, ಬಾಕ್ಸರ್‌ಗಳ ಪರವಾಗಿ ಕೂತು ಚೌಕಾಸಿ ಮಾಡೋ ಬಲವಾದ ಸಂಘಟನೆಯೂ ಇಲ್ಲ. ಪ್ರತಿ ಪಂದ್ಯವೂ ಹೊಸ ವ್ಯಾಪಾರ. ದುಡ್ಡು ಬರೋದು ಟಿಕೆಟ್‌ನಿಂದ, ಪ್ರಾಯೋಜಕರಿಂದ, ವಿದೇಶಿ ಪ್ರಸಾರ ಹಕ್ಕಿನಿಂದ. ಎಲ್ಲಕ್ಕಿಂತ ಹೆಚ್ಚಾಗಿ ಪೇ-ಪರ್-ವ್ಯೂನಿಂದ, ಅಂದರೆ ಆ ಒಂದು ರಾತ್ರಿಯ ಪಂದ್ಯವನ್ನು ಮನೆಯ ಟಿವಿಯಲ್ಲಿ ನೋಡೋಕೆ ವೀಕ್ಷಕ ಪ್ರತ್ಯೇಕವಾಗಿ ಕೊಡೋ ಹಣದಿಂದ. ಮೇವೆದರ್ ಮತ್ತು ಫಿಲಿಪ್ಪೀನ್ಸ್‌ನ ಮ್ಯಾನಿ ಪ್ಯಾಕ್ವಿಯೋ ನಡುವಿನ ಆ ಪಂದ್ಯವನ್ನು ಅಮೆರಿಕದಲ್ಲಿ 46 ಲಕ್ಷ ಮಂದಿ ಹೀಗೆ ಖರೀದಿ ಮಾಡಿದರು. ಎಚ್‌ಡಿಯಲ್ಲಿ ನೋಡಬೇಕಂದ್ರೆ ಸುಮಾರು ನೂರು ಡಾಲರ್. ಬಂದ ಹಣ 40 ಕೋಟಿ ಡಾಲರ್ ದಾಟಿತು. ಟಿಕೆಟ್‌ನಿಂದ ಬಂದದ್ದು ಬೇರೆ, ಅದು ಸುಮಾರು 7.2 ಕೋಟಿ ಡಾಲರ್. ಇದರಲ್ಲಿ ಕೇಬಲ್ ಮತ್ತು ಡಿಟಿಎಚ್ ಕಂಪನಿಗಳು ತಮ್ಮ ಪಾಲು ಮುರಿದುಕೊಳ್ಳುತ್ತವೆ. ಸಾಮಾನ್ಯ ಪಂದ್ಯಗಳಲ್ಲಿ ಅದು ಅರ್ಧದ ಆಸುಪಾಸು ಇರುತ್ತೆ. ಉಳಿದದ್ದರಲ್ಲಿ ಪ್ರಮೋಟರ್ ಮತ್ತು ಇಬ್ಬರು ಬಾಕ್ಸರ್‌ಗಳ ಹಂಚಿಕೆ. ಬಾಕ್ಸರ್ ಪಾಲಿಗೆ ಬರೋದಕ್ಕೆ ಹೆಸರು ಪರ್ಸ್.

ಪರ್ಸ್ ಒಳ್ಳೆಯ ಆಟಕ್ಕೆ ಸಿಗೋ ಬಹುಮಾನ ಅಂತ ಅಂದುಕೊಂಡಿದ್ದರೆ ಅದನ್ನು ಮೊದಲು ಬಿಡಿ. 2007ರಲ್ಲಿ ಇದೇ ಮೇವೆದರ್, ಆಸ್ಕರ್ ಡಿ ಲಾ ಹೋಯಾ ವಿರುದ್ಧ ಆಡಿದ. ಗೆದ್ದವನು ಮೇವೆದರ್. ಆದರೆ ಡಿ ಲಾ ಹೋಯಾಗೆ ಸಿಕ್ಕಿದ್ದು ಐದು ಕೋಟಿ ಡಾಲರ್‌ಗೂ ಹೆಚ್ಚು, ಮೇವೆದರ್‌ಗೆ ಅದರ ಅರ್ಧದ ಆಸುಪಾಸು. ಯಾಕಂದ್ರೆ ಅವತ್ತು ಜನರನ್ನು ಎಳೆಯೋ ಹೆಸರು ಡಿ ಲಾ ಹೋಯಾದಾಗಿತ್ತು. ಸೋತವನಿಗೆ ಎರಡು ಪಟ್ಟು ದುಡ್ಡು! ಪರ್ಸ್ ಅಳೆಯೋದು ಮುಷ್ಟಿಯನ್ನಲ್ಲ, ಹೆಸರನ್ನು.

ಸರಿ, ಹೆಸರಿನ ತಾಕತ್ತನ್ನು ಅಳೆಯೋದು ಹೇಗೆ? ನಾನು ಎಂಜಿನಿಯರಿಂಗ್ ಓದಿ ಟಿವಿಗೆ ಬಂದ ಆಸಾಮಿ. ಯಂತ್ರದಲ್ಲಿ ಒಂದು ಭಾಗ ಎಷ್ಟು ಮುಖ್ಯ ಅಂತ ತಿಳಿಯೋಕೆ ಅದನ್ನು ಬಿಚ್ಚಿಟ್ಟು ನೋಡು ಅನ್ನೋ ಪಾಠ ತಲೆಯಲ್ಲಿ ಉಳಿದಿದೆ. ಇಲ್ಲೂ ಅದನ್ನೇ ಮಾಡೋಣ. 2014ರಲ್ಲಿ ಮೇವೆದರ್, ಮಾರ್ಕೋಸ್ ಮೈದಾನಾ ಜೊತೆ ಆಡಿದ ಮೊದಲ ಪಂದ್ಯಕ್ಕೆ ಸುಮಾರು 9 ಲಕ್ಷ ಖರೀದಿ. ಅದೇ ವರ್ಷ ಪ್ಯಾಕ್ವಿಯೋ, ಕ್ರಿಸ್ ಆಲ್ಜಿಯೆರಿ ಜೊತೆ ಆಡಿದ್ದಕ್ಕೆ ಸುಮಾರು 4 ಲಕ್ಷ. ಕೂಡಿದರೆ 13 ಲಕ್ಷ ಆಗಬೇಕಿತ್ತು. ಇಬ್ಬರೂ ಎದುರುಬದುರು ನಿಂತಾಗ ಆಗಿದ್ದು 46 ಲಕ್ಷ. ಇದು ಕೂಡೋ ಲೆಕ್ಕ ಅಲ್ಲ, ಗುಣಾಕಾರ.

ಇನ್ನೂ ಒಂದು ಸಾಕ್ಷಿ ಇದೆ. ಅದೇ 2015ರ ಸೆಪ್ಟೆಂಬರ್‌ನಲ್ಲಿ ಮೇವೆದರ್ ಮತ್ತೆ ರಿಂಗ್‌ಗೆ ಇಳಿದ. ಎದುರಾಳಿ ಆಂಡ್ರೆ ಬರ್ಟೊ. ಖರೀದಿ ಅಂದಾಜು 4ರಿಂದ 5.5 ಲಕ್ಷ. ಅದೇ ಸ್ಟಾರ್, ಅದೇ ಊರು, ಅದೇ ಅಖಾಡ, ನಾಲ್ಕೇ ತಿಂಗಳ ಅಂತರ. ಮೇ ತಿಂಗಳ ಪಂದ್ಯ ಸಪ್ಪೆಯಾಗಿತ್ತು, ಜನ ಬೇಜಾರಾಗಿದ್ದರು ಅನ್ನೋದೂ ಕಾರಣ, ಒಪ್ಪೋಣ. ಆದರೂ 46 ಎಲ್ಲಿ, 5 ಎಲ್ಲಿ? ಈ ಪಂದ್ಯಕ್ಕೆ ಮೇವೆದರ್‌ಗೆ ನಿಗದಿಯಾಗಿದ್ದ ಖಚಿತ ಮೊತ್ತ 3.2 ಕೋಟಿ ಡಾಲರ್. ಐದು ಲಕ್ಷ ಖರೀದಿ, ತಲಾ 75 ಡಾಲರ್ ಅಂತ ಹಿಡಿದರೂ 3.75 ಕೋಟಿ. ಕೇಬಲ್‌ನವರು ಅರ್ಧ ತಗೊಂಡರೆ ಉಳಿಯೋದು ಎರಡು ಕೋಟಿಗೂ ಕಡಿಮೆ. ಅಂದರೆ ಸ್ಟಾರ್‌ಗೆ ಕೊಡಬೇಕಾದ ದುಡ್ಡಿಗೆ ಪೇ-ಪರ್-ವ್ಯೂ ಒಂದೇ ಸಾಲಲಿಲ್ಲ.

ಇದನ್ನೆಲ್ಲ ಇಟ್ಟುಕೊಂಡು ಮೇ ತಿಂಗಳ ಹಂಚಿಕೆಯನ್ನು ನೋಡಿ. ಮೇವೆದರ್‌ಗೆ 60, ಪ್ಯಾಕ್ವಿಯೋಗೆ 40. ಒಂಟಿಯಾಗಿ ಎಳೆಯೋ ತಾಕತ್ತು 9 ಲಕ್ಷಕ್ಕೆ 4 ಲಕ್ಷ ಅಂದಮೇಲೆ, 60 ಕೇಳಿದ್ದು ಅತಿಯಾಗಲಿಲ್ಲ ಅಂತಲೇ ನಾನು ಹೇಳ್ತೀನಿ. ಬೇಕಿದ್ದರೆ ಇನ್ನೂ ಸ್ವಲ್ಪ ಕೇಳಬಹುದಿತ್ತು.

ಹಾಗಾದ್ರೆ ತಕರಾರು ಎಲ್ಲಿ? ಮೂರು ವರ್ಷ ಹಿಂದಕ್ಕೆ ಹೋಗೋಣ. 2012ರಲ್ಲಿ ಮೇವೆದರ್ ಫೋನ್ ಮಾಡಿ ನಾಲ್ಕು ಕೋಟಿ ಡಾಲರ್ ಕೊಡ್ತೀನಿ, ಪೇ-ಪರ್-ವ್ಯೂನಲ್ಲಿ ಪಾಲು ಇಲ್ಲ ಅಂದ ಅಂತ ಪ್ಯಾಕ್ವಿಯೋ ಹೇಳಿದ್ದ. ಅವನು ಒಪ್ಪಲಿಲ್ಲ. 2015ರಲ್ಲಿ ಶೇಕಡ 40ರ ಪಾಲಿನಲ್ಲಿ ಅವನ ಗಳಿಕೆ ಹತ್ತು ಕೋಟಿ ಡಾಲರ್ ದಾಟಿತು. ನಾಲ್ಕು ಕೋಟಿ ಕೇಳೋಕೆ ದೊಡ್ಡ ಮೊತ್ತ, ಆದರೆ ಆ ಲೆಕ್ಕದಲ್ಲಿ ಗುಣಾಕಾರದ ಲಾಭವೆಲ್ಲ ಒಬ್ಬನ ಜೇಬಿಗೇ ಹೋಗುತ್ತಿತ್ತು. ನನ್ನ ಆಕ್ಷೇಪ ಮೊತ್ತದ ಬಗ್ಗೆ ಇಲ್ಲ, ಈ ಜಾಗದ ಬಗ್ಗೆ.

ಮೇವೆದರ್‌ಗೆ ಸಲ್ಲಬೇಕಾದ ಮಾತನ್ನೂ ಹೇಳಬೇಕು. 2006ರಲ್ಲಿ ಅವನು ಏಳೂವರೆ ಲಕ್ಷ ಡಾಲರ್ ಕೈಯಿಂದ ಕೊಟ್ಟು ತನ್ನ ಪ್ರಮೋಟರ್ ಟಾಪ್ ರ‍್ಯಾಂಕ್ ಜೊತೆಗಿನ ಒಪ್ಪಂದದಿಂದ ಬಿಡಿಸಿಕೊಂಡ. ಆಮೇಲೆ ತನ್ನ ಪಂದ್ಯದ ಆದಾಯದಲ್ಲೇ ಪಾಲು ತಗೊಳ್ಳೋ ದಾರಿ ಹಿಡಿದ. ಜನ ಬಂದರೆ ಲಾಭ, ಬರದಿದ್ದರೆ ಲಾಭದ ಪಾಲು ಇಲ್ಲ. ತನ್ನ ಹೆಸರಿನ ಮೇಲೆ ತಾನೇ ಬಾಜಿ ಕಟ್ಟಿದವನು ದೊಡ್ಡ ಪಾಲು ಕೇಳಿದರೆ ಅದಕ್ಕೆ ಅರ್ಥ ಇದೆ.

ಬರೀ ಗ್ಯಾರಂಟಿ ಮೇಲೆ ನಿಂತ ವ್ಯವಹಾರ ಏನಾಗುತ್ತೆ ಅನ್ನೋದಕ್ಕೆ ಮೆಕ್ಸಿಕೋದ ಕನೆಲೊ ಆಲ್ವರೆಜ್ ಉದಾಹರಣೆ. 2018ರಲ್ಲಿ ಡಾಜೋನ್ ಅನ್ನೋ ಸ್ಟ್ರೀಮಿಂಗ್ ಕಂಪನಿಯ ಜೊತೆ 11 ಪಂದ್ಯಕ್ಕೆ 36.5 ಕೋಟಿ ಡಾಲರ್ ಒಪ್ಪಂದ. ಕಂಪನಿ ಕೊಟ್ಟದ್ದು ಮುಂದೆ ಬರಲಿರೋ ಚಂದಾದಾರರನ್ನು ನಂಬಿ. 2020ರಲ್ಲಿ ಕೊರೊನಾ ಬಂತು, ಕ್ರೀಡಾಂಗಣಗಳು ಖಾಲಿಯಾದವು, ದುಡ್ಡಿನ ಮೇಲೆ ಜಗಳ ಶುರುವಾಯಿತು. ಸೆಪ್ಟೆಂಬರ್‌ನಲ್ಲಿ ಕನೆಲೊ 28 ಕೋಟಿ ಡಾಲರ್ ಪರಿಹಾರ ಕೇಳಿ ಕೋರ್ಟಿಗೆ ಹೋದ, ನವೆಂಬರ್ ಹೊತ್ತಿಗೆ ಸಂಬಂಧ ಕಡಿದುಕೊಂಡು ಹೊರಬಂದ. ಬರೆದುಕೊಟ್ಟ ಮಾತನ್ನು ಕಂಪನಿ ಉಳಿಸಿಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಟ್ಟದ ಚಂದಾದಾರನ ದುಡ್ಡನ್ನು ಮೊದಲೇ ಹಂಚಿಕೊಂಡರೆ ಹೀಗೇ ಆಗೋದು.

ಟಿಆರ್‌ಪಿ ನಂಬಿ ಬದುಕೋ ಉದ್ಯಮದಲ್ಲಿ ನಾನಿದ್ದೀನಿ. ಇಲ್ಲೂ ಮುಖ ಜನರನ್ನು ಎಳೆಯುತ್ತೆ. ಆದರೆ ಸುದ್ದಿಯೇ ಇಲ್ಲದ ದಿನ ಎಂಥ ಮುಖ ಕೂತರೂ ನಂಬರ್ ಬರಲ್ಲ. ಚುನಾವಣೆ ಫಲಿತಾಂಶದ ದಿನ ಬಂದ ನಂಬರ್ ತೋರಿಸಿ ವರ್ಷವಿಡೀ ನನಗಿಷ್ಟು ಕೊಡಿ ಅಂದರೆ ಅದು ಚೌಕಾಸಿ ಆಗುತ್ತೆ, ಲೆಕ್ಕ ಆಗಲ್ಲ.

ಈ ಚೌಕಾಸಿಯ ಬೆಲೆ ಕೊನೆಗೆ ಕಟ್ಟೋದು ಯಾರು? ಮೇವೆದರ್-ಪ್ಯಾಕ್ವಿಯೋ ಪಂದ್ಯ 2010ರ ಮಾರ್ಚ್‌ನಲ್ಲೇ ಆಗಬೇಕಿತ್ತು. ಅವತ್ತು ಮುರಿದದ್ದು ದುಡ್ಡಿಗಲ್ಲ, ಉದ್ದೀಪನ ಮದ್ದಿನ ರಕ್ತಪರೀಕ್ಷೆಯ ತಕರಾರಿಗೆ. 2012ರಲ್ಲಿ ದುಡ್ಡು ಅಡ್ಡ ಬಂತು. 2010ರಲ್ಲಿ 33 ಮತ್ತು 31 ವಯಸ್ಸಿನವರು, ಕೊನೆಗೆ ಎದುರಾದಾಗ 38 ಮತ್ತು 36. ಪ್ಯಾಕ್ವಿಯೋ ಭುಜಕ್ಕೆ ಪೆಟ್ಟಾಗಿತ್ತು. ಮೇವೆದರ್ ತಪ್ಪಿಸಿಕೊಂಡು, ಅಂಕ ಎಣಿಸಿಕೊಂಡು ಗೆದ್ದ. ನೂರು ಡಾಲರ್ ಕೊಟ್ಟವನಿಗೆ ಸಿಕ್ಕಿದ್ದು ಐದು ವರ್ಷ ಹಳಸಿದ ಊಟ. ಜೊತೆಗೆ ಆ ಪ್ರಸಾರದಲ್ಲಿ ಇದ್ದದ್ದು ಇನ್ನೆರಡೇ ಪಂದ್ಯ. ಅದೇ ಪೆಟ್ಟು ತಿನ್ನೋ, ಅದೇ ಅಪಾಯ ಹೊರೋ ಸಣ್ಣ ಹೆಸರಿನ ಬಾಕ್ಸರ್‌ಗಳಿಗೆ ತೆರೆಯ ಮೇಲೆ ಜಾಗವೂ ಕಡಿಮೆ, ಲೆಕ್ಕದಲ್ಲಿ ಪಾಲೂ ಕಡಿಮೆ.

ಅಮೆರಿಕದಲ್ಲಿ 2000ದಲ್ಲಿ ಮುಹಮ್ಮದ್ ಅಲಿ ಹೆಸರಿನಲ್ಲೇ ಒಂದು ಕಾನೂನು ಬಂತು. ಪಂದ್ಯದಿಂದ ತನಗೆಷ್ಟು ಬರುತ್ತೆ ಅನ್ನೋದನ್ನು ಪ್ರಮೋಟರ್ ಬಾಕ್ಸರ್‌ಗೆ ತಿಳಿಸಲೇಬೇಕು ಅನ್ನೋದು ಅದರ ಒಂದು ಮುಖ್ಯ ಅಂಶ. ಒಟ್ಟು ಎಷ್ಟು ಅಂತ ಗೊತ್ತಿಲ್ಲದೆ ಪಾಲು ಕೇಳೋಕಾಗಲ್ಲ ಅಲ್ವಾ? ಸ್ಟಾರ್‌ಗೆ ಇದನ್ನು ಕೇಳಿ ಪಡೆಯೋ ವಕೀಲರಿದ್ದಾರೆ. ನಾಲ್ಕನೇ ಪಂದ್ಯ ಆಡೋ ಹುಡುಗನಿಗೆ ಇಲ್ಲ.

ಹಾಗಾಗಿ ಮುಂದಿನ ಸಲ ಯಾವುದೋ ಬಾಕ್ಸರ್ ಇಷ್ಟು ಕೋಟಿ ಕೇಳಿದ ಅನ್ನೋ ಸುದ್ದಿ ಬಂದಾಗ ಮೊತ್ತ ನೋಡಿ ಹೌಹಾರಬೇಡಿ. ಅವನು ಕೇಳಿದ್ದು ಗ್ಯಾರಂಟಿನೋ ಪಾಲೋ ಅಂತ ನೋಡಿ. ಪಾಲು ಕೇಳಿದ್ದರೆ, ಎದುರಿಗೆ ನಿಲ್ಲೋನು ಯಾರು, ಅವನಿಗೆಷ್ಟು ಅಂತ ನೋಡಿ. ಒಬ್ಬನೇ ರಿಂಗ್‌ನಲ್ಲಿ ನಿಂತು ಗಾಳಿಗೆ ಗುದ್ದೋದನ್ನು ನೋಡೋಕೆ ಯಾರೂ ನೂರು ಡಾಲರ್ ಕೊಡಲ್ಲ.