ಟ್ಯಾಂಕರ್ ಚಾಲಕನ ಮೂರನೇ ದಿನ

2024ರ ಜನವರಿ ಮೊದಲೆರಡು ದಿನ ಮುಂಬಯಿಯ ಪೆಟ್ರೋಲ್ ಪಂಪುಗಳ ಮುಂದೆ ಮೈಲುದ್ದದ ಸಾಲು. ಡಿಕ್ಕಿ ಹೊಡೆದು ಪರಾರಿಯಾದರೆ ಹತ್ತು ವರ್ಷದವರೆಗೆ ಜೈಲು ಎನ್ನುವ ಹೊಸ ಕಾನೂನಿನ ವಿರುದ್ಧ ಚಾಲಕರು ಮುಷ್ಕರ ಹೂಡಿದ್ದರು. ಮಾಹುಲ್, ಶಿವಡಿ, ವಡಾಲದ ಡಿಪೋಗಳಿಂದ ಟ್ಯಾಂಕರ್ ಹೊರಡದಿದ್ದರೆ ಊರು ಎಷ್ಟು ಬೇಗ ಸ್ತಬ್ಧವಾಗುತ್ತದೆ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಅದೇ ಟ್ಯಾಂಕರ್ ದಿನವೂ ಹೊರಡುವಾಗ ಅದರ ಚಾಲಕನಿಗೆ ಏನೇನು ಗೊತ್ತಿರಬೇಕು ಎಂಬುದರತ್ತ ಮಾತ್ರ ಯಾರ ಗಮನವೂ ಹೋಗಲಿಲ್ಲ.

ಮಾಹುಲ್ ಇರುವುದು ಚೆಂಬೂರಿನ ಬೆನ್ನಿಗೆ. 1954ರಲ್ಲಿ ಸ್ಟಾನ್‌ವ್ಯಾಕ್, 1955ರಲ್ಲಿ ಬರ್ಮಾ ಶೆಲ್ ಇಲ್ಲಿ ರಿಫೈನರಿ ತೆರೆದವು. ಈಗ ಅವು ಎಚ್‌ಪಿಸಿಎಲ್, ಬಿಪಿಸಿಎಲ್. ಹತ್ತಿರದಲ್ಲೇ ಅಮೋನಿಯಾ ತಯಾರಿಸುವ ಆರ್‌ಸಿಎಫ್ ಗೊಬ್ಬರ ಕಾರ್ಖಾನೆ. ರಿಫೈನರಿ ಬಂದಾಗ ಊರಿನ ಹೊರಗಿದ್ದ ಜಾಗ ಇಂದು ಊರಿನ ನಡುವೆಯೇ ಇದೆ. ತಲೆಮಾರುಗಳಿಂದ ಚೆಂಬೂರಿನಲ್ಲಿ ನೆಲೆಸಿದ ಕನ್ನಡದ ಮನೆಗಳವರೂ ಸೇರಿ ಇಲ್ಲಿಯ ಲಕ್ಷಾಂತರ ಜನ ಈ ವಾಹನಗಳ ಜೊತೆಗೇ ರಸ್ತೆ ಹಂಚಿಕೊಂಡು ಬದುಕುತ್ತಾರೆ.

ಇಂಥ ವಾಹನ ಓಡಿಸಲು ಹೆವಿ ಲೈಸೆನ್ಸ್ ಒಂದಿದ್ದರೆ ಸಾಲದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಒಂಬತ್ತನೇ ನಿಯಮದ ಪ್ರಕಾರ ಚಾಲಕನಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಮತ್ತು ಇಂಗ್ಲಿಷ್ ಓದಲು ಬರೆಯಲು ಬರಬೇಕು, ಮೂರು ದಿನಗಳ ತರಬೇತಿ ಮುಗಿಸಿದ ಪ್ರಮಾಣಪತ್ರವೂ ಇರಬೇಕು. ಮೊದಲೆರಡು ದಿನ ಚಾಲನೆಯ ಪಾಠ: ಬ್ರೇಕ್ ಹಾಕಿದ ಮೇಲೆ ಗಾಡಿ ಎಷ್ಟು ದೂರ ಹೋಗಿ ನಿಲ್ಲುತ್ತದೆ, ರಾತ್ರಿ ಹೇಗೆ ಓಡಿಸಬೇಕು, ಇಳಿಜಾರಿನಲ್ಲಿ ಏನು ಮಾಡಬೇಕು, ನಿಲ್ಲಿಸಿದ ಮೇಲೆ ಚಕ್ರಕ್ಕೆ ಅಡ್ಡ ಇಡುವುದು ಹೇಗೆ. ಮೂರನೇ ದಿನ ಹೊತ್ತ ಸರಕಿನ ಪಾಠ.

ಚಾಲನೆಯ ಪಾಠ ಅನುಭವಸ್ಥರಿಗೆ ಏಕೆ ಎಂದು ಕೇಳುವವರಿದ್ದಾರೆ. ಇಪ್ಪತ್ತು ವರ್ಷ ಸಿಮೆಂಟು ಮೂಟೆ ಸಾಗಿಸಿದವನ ಕೈಗೆ ಆಸಿಡ್ ಟ್ಯಾಂಕರ್ ಕೊಟ್ಟರೆ ಅವನ ಅನುಭವವೇ ಅವನಿಗೆ ಮೋಸ ಮಾಡಬಹುದು. ಮೂಟೆ ಇಟ್ಟಲ್ಲೇ ಇರುತ್ತದೆ, ದ್ರವ ಹಾಗಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಭೌತವಿಜ್ಞಾನ. ಹೆಚ್ಚುಕಡಿಮೆ ತುಂಬಿದ ಟ್ಯಾಂಕಿನಲ್ಲಿ ದ್ರವಕ್ಕೆ ಅಲುಗಾಡಲು ಜಾಗವಿರುವುದಿಲ್ಲ. ಅರ್ಧ ತುಂಬಿದ್ದರೆ ತಿರುವಿನಲ್ಲಿ ಟನ್ನುಗಟ್ಟಲೆ ದ್ರವ ಹೊರಮಗ್ಗುಲಿಗೆ ನುಗ್ಗಿ ಗಾಡಿಯ ಗುರುತ್ವಕೇಂದ್ರವನ್ನೇ ಜರುಗಿಸುತ್ತದೆ. ಟ್ಯಾಂಕಿನೊಳಗೆ ಅಡ್ಡಗೋಡೆಗಳಿರುತ್ತವೆ ನಿಜ, ಆದರೆ ಅವು ತಡೆಯುವುದು ಹಿಂದೆ ಮುಂದೆ ನುಗ್ಗುವ ಅಲೆಯನ್ನು. ಎಡಬಲದ ಓಲಾಟಕ್ಕೆ ಅವು ಅಡ್ಡಿಯಲ್ಲ.

ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 40 ಕಿ.ಮೀ. ಬದಲು 50ರಲ್ಲಿ ತಿರುಗಿದರೆ ವೇಗ ಕಾಲು ಭಾಗ ಹೆಚ್ಚಿದಂತೆ, ಉರುಳಿಸುವ ಬಲ ಮಾತ್ರ ಅರ್ಧಕ್ಕಿಂತ ಹೆಚ್ಚು ಏರಿರುತ್ತದೆ. ಕಾರಿನಲ್ಲಿ ಈ ಹತ್ತು ಕಿಲೋಮೀಟರಿನ ವ್ಯತ್ಯಾಸ ಅರಿವಿಗೇ ಬಾರದು. ಎತ್ತರದ ಟ್ಯಾಂಕರಿನಲ್ಲಿ ಅದು ನಿಲ್ಲುವುದಕ್ಕೂ ಮಗುಚುವುದಕ್ಕೂ ನಡುವಿನ ಅಂತರ ಆಗಬಹುದು.

ಪುಣೆಯ ಕಡೆಯಿಂದ ಮುಂಬಯಿಗೆ ಬರುವವರಿಗೆ ಬೋರ್ ಘಾಟಿಯಿದೆ. 25 ಟನ್ ತೂಕದ ಗಾಡಿ ಸುಮಾರು 500 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 400 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಕಡಿಮೆ ಗೇರಿನಲ್ಲಿ ಇಳಿದರೆ ಅದರ ದೊಡ್ಡ ಪಾಲನ್ನು ಎಂಜಿನ್ ಹೀರಿಕೊಳ್ಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿದರೆ ಎಲ್ಲವೂ ಬ್ರೇಕಿನ ಮೇಲೇ ಬಿದ್ದು, ಡ್ರಮ್ ಕಾದು, ಪೆಡಲ್ ಒತ್ತಿದರೂ ಹಿಡಿತ ಸಿಗದಂತಾಗುತ್ತದೆ. 2023ರ ಜೂನ್ 13ರಂದು ಖಂಡಾಲಾ ಬಳಿಯ ಕುಣೆ ಸೇತುವೆಯ ಮೇಲೆ ಟ್ಯಾಂಕರೊಂದು ಅಪಘಾತಕ್ಕೀಡಾಗಿ ಹೊತ್ತಿಕೊಂಡಿತು. ಉರಿಯುವ ದ್ರವ ಸೇತುವೆಯಿಂದ ಕೆಳಗಿನ ರಸ್ತೆಗೆ ಸುರಿಯಿತು. ನಾಲ್ವರು ಸತ್ತರು. ಟ್ಯಾಂಕರನ್ನು ಕಣ್ಣಾರೆ ಕಂಡೇ ಇರದ, ಕೆಳಗೆ ತಮ್ಮ ಪಾಡಿಗೆ ಹೋಗುತ್ತಿದ್ದವರೂ ಅವರಲ್ಲಿದ್ದರು.

ಅಲ್ಲಿಂದ ಮುಂದಿನದು ಮೂರನೇ ದಿನದ ವಿಷಯ, ನನ್ನ ದೃಷ್ಟಿಯಲ್ಲಿ ಇಡೀ ತರಬೇತಿಯ ಜೀವಾಳ. ಸೋರಿದ ವಸ್ತು ಎತ್ತ ಹೋಗುತ್ತದೆ? ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಅಡುಗೆ ಅನಿಲವೂ ಗಾಳಿಗಿಂತ ಭಾರ. ಎರಡೂ ನೆಲ ಹಿಡಿದು ಹರಿದು ಚರಂಡಿ, ನೆಲಮಾಳಿಗೆ, ತಗ್ಗಿನ ಮನೆಗಳನ್ನು ಹೊಗುತ್ತವೆ. ದ್ರವರೂಪದ ಒಂದು ಲೀಟರ್ ಅಡುಗೆ ಅನಿಲ ಸುಮಾರು 250 ಲೀಟರ್ ಅನಿಲವಾಗಿ ಹರಡುತ್ತದೆ. 2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನಿಂದ ಹೊರಟಿದ್ದ ಅಡುಗೆ ಅನಿಲದ ಟ್ಯಾಂಕರ್ ಕಣ್ಣೂರಿನ ಚಾಲದಲ್ಲಿ ಡಿವೈಡರಿಗೆ ಬಡಿದು ಉರುಳಿದಾಗ ಆದದ್ದು ಇದೇ. ಅನಿಲ ಸುತ್ತಲಿನ ಮನೆಗಳತ್ತ ಹರಿದು ಹೊತ್ತಿಕೊಂಡಿತು, ಇಪ್ಪತ್ತು ಮಂದಿ ಜೀವ ತೆತ್ತರು. ಇಂಥ ಹೊತ್ತಿನಲ್ಲಿ ಗಾಳಿ ಬೀಸುವ ದಿಕ್ಕು ನೋಡಿ ಅದಕ್ಕೆ ಎದುರಾಗಿ, ಎತ್ತರದ ಕಡೆಗೆ ಜನರನ್ನು ಕಳಿಸಬೇಕು, ಹಿಂದೆ ನಿಂತ ವಾಹನಗಳ ಎಂಜಿನ್ ಆರಿಸಬೇಕು, ಅಕ್ಕಪಕ್ಕದ ಒಲೆ ನಂದಿಸಬೇಕು. ಅಗ್ನಿಶಾಮಕ ದಳ ಬರುವವರೆಗೆ ಇದೆಲ್ಲ ತಿಳಿದವನು ಸ್ಥಳದಲ್ಲಿ ಒಬ್ಬನೇ ಇರುತ್ತಾನೆ, ಅವನೇ ಚಾಲಕ.

ಟ್ಯಾಂಕರಿನ ಮೇಲಿರುವ ತುರ್ತು ಮಾಹಿತಿ ಫಲಕವನ್ನು ಓದುವುದನ್ನೂ ಅಂದೇ ಕಲಿಸುತ್ತಾರೆ. 1203 ಎಂದಿದ್ದರೆ ಪೆಟ್ರೋಲ್, 1075 ಅಡುಗೆ ಅನಿಲ, 1005 ಅಮೋನಿಯಾ, 1017 ಕ್ಲೋರಿನ್, 1830 ಗಂಧಕಾಮ್ಲ. ಇವು ವಿಶ್ವಸಂಸ್ಥೆ ಕೊಟ್ಟ ಸಂಖ್ಯೆಗಳು, ಪ್ರಪಂಚದ ಎಲ್ಲೆಡೆ ಒಂದೇ. ಇವುಗಳ ಜೊತೆಗಿರುವುದು ಹಜ್‌ಕೆಮ್ ಸಂಕೇತ. ಪೆಟ್ರೋಲಿನದು 3ವೈಇ. ಮೂರು ಎಂದರೆ ಬೆಂಕಿಗೆ ನೊರೆ ಬಳಸಿ, ವೈ ಎಂದರೆ ಸ್ಫೋಟದ ಅಪಾಯವಿದೆ, ಚೆಲ್ಲಿದ್ದನ್ನು ಚರಂಡಿಗೆ ಬಿಡದೆ ಕಟ್ಟಿಹಾಕಿ, ಇ ಎಂದರೆ ಜನರನ್ನು ತೆರವು ಮಾಡುವ ಯೋಚನೆ ಮಾಡಿ. ಮಳೆಗಾಲದ ಮುಂಬಯಿಯಲ್ಲಿ ಈ ಮೂರು ಅಕ್ಷರಗಳ ಬೆಲೆ ದೊಡ್ಡದು. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ, ಒಂದು ಗಲ್ಲಿಯಲ್ಲಿ ಚೆಲ್ಲಿದ್ದು ನಾಲೆಯ ಜೊತೆ ಹರಿದು ಇನ್ನೊಂದು ಗಲ್ಲಿಯಲ್ಲಿ ಹೊತ್ತಿಕೊಳ್ಳಬಹುದು. ಗಂಧಕಾಮ್ಲದ ಕಥೆ ಬೇರೆ: ಅದರ ಮೇಲೆ ಸ್ವಲ್ಪವೇ ನೀರು ಬಿದ್ದರೆ ಕುದಿದು ಸಿಡಿಯುತ್ತದೆ. ಬಕೆಟ್ ಹಿಡಿದು ಓಡಿಬರುವ ಒಳ್ಳೆಯ ಮನಸ್ಸಿನವರಿಗೆ ಇದನ್ನು ಹೇಳಿ ತಡೆಯಬೇಕಾದವನೂ ಚಾಲಕನೇ. ತುಂಬಿಸಿಕೊಂಡು ಹೋಗಲು ಬಕೆಟ್ ತರುವವರನ್ನಂತೂ ಕಾಲಿಗೆ ಬಿದ್ದಾದರೂ ತಡೆಯಬೇಕು. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲಪುರದ ಹತ್ತಿರ ಉರುಳಿದ ಟ್ಯಾಂಕರಿನಿಂದ ಪೆಟ್ರೋಲ್ ಹಿಡಿಯಲು ಹೋಗಿ ಇನ್ನೂರಕ್ಕೂ ಹೆಚ್ಚು ಜನ ಸುಟ್ಟುಹೋದರು.

ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯ ಎಂದರೆ ಹೊಸ ಚಾಲಕರು ನಂಬುವುದಿಲ್ಲ. ಪೆಟ್ರೋಲ್ ಆವಿ ಹೊತ್ತಲು ಗಾಳಿಯಲ್ಲಿ ಅದರ ಪ್ರಮಾಣ ಶೇ. 1.4ರಿಂದ 7.6ರ ನಡುವೆ ಇರಬೇಕು. ತುಂಬಿದ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಆವಿ ಅದಕ್ಕಿಂತ ದಟ್ಟ, ಉರಿಯಲು ಗಾಳಿ ಸಾಲದು. ಪಂಪಿನಲ್ಲಿ ಖಾಲಿ ಮಾಡಿದ ಮೇಲೆ ಒಳಗೆ ಗಾಳಿ ಹೊಕ್ಕು ಅಂಟಿದ ಪೆಟ್ರೋಲಿನ ಆವಿಯೊಡನೆ ಬೆರೆತಾಗ ಸ್ಫೋಟಕ್ಕೆ ಬೇಕಾದ ಹದ ಸಿದ್ಧವಾಗಬಹುದು. ಖಾಲಿ ಇದೆಯಲ್ಲ ಎಂದು ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿಸಿ ಪ್ರಾಣ ಕಳೆದುಕೊಳ್ಳುವುದು ಹೀಗೆ.

ಇಷ್ಟೆಲ್ಲ ಒಂದೇ ದಿನದಲ್ಲಿ! ಇದರ ಜೊತೆಗೆ ಮುಖವಾಡ ತೊಡುವುದು, ಪ್ರಥಮ ಚಿಕಿತ್ಸೆ, ವಾಲ್ವುಗಳ ಪರಿಚಯ, ಬಾವಿ ಕೆರೆಗಳಿಗೆ ವಿಷ ಸೇರದಂತೆ ನೋಡಿಕೊಳ್ಳುವುದೂ ಪಠ್ಯದಲ್ಲಿವೆ. ಸರಕಿನ ಗುಣ, ಅಪಾಯ, ಪರಿಹಾರ ಬರೆದ ಟ್ರೆಮ್ ಕಾರ್ಡ್ ಕ್ಯಾಬಿನಿನಲ್ಲಿ ಯಾವಾಗಲೂ ಇರಬೇಕು. ಅದು ಚಾಲಕನು ಸಲೀಸಾಗಿ ಓದುವ ಭಾಷೆಯಲ್ಲಿರಲೇಬೇಕು. ಬಿಜಾಪುರದಿಂದ ಬಂದವನಿಗೆ ಕನ್ನಡ, ಗೋರಖಪುರದವನಿಗೆ ಹಿಂದಿ. ಕಣ್ಣೆದುರು ಹಳದಿ ಹೊಗೆ ಏಳುವಾಗ ಯಾರೂ ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾ ಕೂರಲಾರರು.

ಮೊದಲು ಅಪಾಯಕಾರಿ ಸರಕಿನ ಲೈಸೆನ್ಸ್ ವರ್ಷಕ್ಕೊಮ್ಮೆ ನವೀಕರಣವಾಗಬೇಕಿತ್ತು, ಆಗ ಒಂದು ದಿನದ ಮರುತರಬೇತಿ ಕಡ್ಡಾಯ. 2019ರ ತಿದ್ದುಪಡಿ ಆ ಅವಧಿಯನ್ನು ಮೂರು ವರ್ಷಕ್ಕೆ ಹಿಗ್ಗಿಸಿತು. ಚಾಲಕರಿಗೆ ಆರ್‌ಟಿಒ ಅಲೆದಾಟ ತಪ್ಪಿತು, ಅದು ಒಳ್ಳೆಯದೇ. ಆದರೆ ಕೈಯಲ್ಲಿ ಮಾಡಿ ಅಭ್ಯಾಸವಿಲ್ಲದ ಕೆಲಸ ಮೂರು ವರ್ಷ ನೆನಪಿನಲ್ಲಿ ಉಳಿಯುವುದಿಲ್ಲ. ಲೈಸೆನ್ಸ್ ಮೂರು ವರ್ಷಕ್ಕಿರಲಿ, ಅಭ್ಯಾಸ ಮಾತ್ರ ವರ್ಷವರ್ಷವೂ ಡಿಪೋದ ಅಂಗಳದಲ್ಲೇ ನಡೆಯಲಿ.

ಒಂಬತ್ತನೇ ನಿಯಮ ಹೇಳುವುದು ಚಾಲಕನ ಬಗ್ಗೆ ಮಾತ್ರ, ಕ್ಲೀನರ್ ಅದರಲ್ಲಿ ಇಲ್ಲ. ಪಂಪಿನಲ್ಲಿ ಪೆಟ್ರೋಲ್ ಇಳಿಸುವಾಗ ಸ್ಥಾಯೀವಿದ್ಯುತ್ತಿನ ಕಿಡಿ ಹಾರದಂತೆ ಅರ್ಥಿಂಗ್ ತಂತಿಯ ಕ್ಲಿಪ್ಪನ್ನು ಮೊದಲು ಸಿಕ್ಕಿಸಿ, ಆಮೇಲೆ ಹೋಸ್ ಜೋಡಿಸಬೇಕು. ಚಾಲಕ ಕಾಗದಪತ್ರಕ್ಕೆ ಸಹಿ ಹಾಕಿಸಲು ಆಫೀಸಿಗೆ ಹೋದರೆ ಹೋಸಿನ ಬಳಿ, ವಾಲ್ವಿನ ಬಳಿ ನಿಲ್ಲುವವನು ಆ ಹುಡುಗನೇ. ಮುಂದಿನ ತಿದ್ದುಪಡಿ ಬರುವಾಗ ಮೂರನೇ ದಿನದ ಬೆಂಚಿನ ಮೇಲೆ ಅವನಿಗೂ ಒಂದು ಜಾಗ ಇರಬೇಕು, ಆ ದಿನದ ಕೂಲಿ ಕಡಿತವಾಗದ ಹಾಗೆ.